ಕುಟ್ರ ಹಕ್ಕಿ
ಕುಟ್ರ (ಸೈಲೊಪೋಗನ್ ವಿರಿಡಿಸ್): ಪಶ್ಚಿಮ ಘಟ್ಟಗಳುದ್ದಕ್ಕೂ ನೆಲೆಸಿರುವ ಹಸುರು ಹಕ್ಕಿ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳಲ್ಲಿ ಇದರ ಕೂಗು ಬಲು ಪರಿಚಿತ. ಎಲೆಗಳ ಮರೆಯಲ್ಲಿ ಕೂತರೆ ಗೊತ್ತೇ ಆಗದು; ಗುರುತಿಸಲು ಕಿವಿಯೇ ದಾರಿ. ಮೊದಲು ಗಂಟಲಲ್ಲಿ ಉರುಳುವ ‘ಟ್ರ್‌ರ್‌ರ್’, ಬಳಿಕ ಏರುದನಿಯಲ್ಲಿ ಬಿಡುವಿಲ್ಲದ ‘ಕುಟ್ರೂ, ಕುಟ್ರೂ’. ಒಂದು ಶುರುಮಾಡಿದರೆ ಅಕ್ಕಪಕ್ಕದವೂ ದನಿಗೂಡಿಸುತ್ತವೆ. ಬೇಸಗೆಯಲ್ಲಂತೂ ಇಡೀ ಕಾಡು ಇದರದೇ. ಇದರ ಹತ್ತಿರದ ಬಂಧು ಕಂಚುಗಾರ ಹಕ್ಕಿಯದು ಒಂದೇ ಸ್ಥಾಯಿಯ ‘ಟುಕ್, ಟುಕ್’. ಅದರಲ್ಲಿ ‘ಕುಟ್ರೂ’ವಿನ ಎರಡನೆಯ ಅಕ್ಷರದ ಎಳೆತವಿಲ್ಲ. ಕುಟ್ರ ಕಣ್ಣಿಗೆ ಬಿದ್ದರೆ ಕೆನ್ನೆಯ ಬಿಳಿ ಪಟ್ಟೆ, ಕಂದು ಗೀರಿನ ತಲೆ ನೋಡಬೇಕು. ಅತ್ತಿ, ಆಲ, ಬಸರಿ ಹಣ್ಣುಗಳು ಮುಖ್ಯ ಆಹಾರ. ಒಣಕೊಂಬೆ ಕೊರೆದು ಗೂಡು ಮಾಡುವುದರಿಂದ ತೋಟದಂಚಿನ ಒಣಮರಗಳನ್ನು ಉಳಿಸುವುದು ಒಳ್ಳೆಯದು.