ಛಾಯಾಚಿತ್ರದ ಅಂಗಡಿಯೂ ಅದರ ನೋಂದಣಿ ಪುಸ್ತಕವೂ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಶಾಸನಗಳತ್ತ, ತಾಮ್ರಪಟಗಳತ್ತ ಹರಿಯುವುದು ಸಹಜ. ಪೇಟೆಯ ಮೂಲೆಯಲ್ಲಿ ಕುಳಿತು ರೀಲು ತೊಳೆದುಕೊಡುತ್ತಿದ್ದ ಫೋಟೋ ಅಂಗಡಿಗೂ ಒಂದು ಇತಿಹಾಸವುಂಟೆಂದರೆ ಕೆಲವರು ನಕ್ಕಾರು. ಆದರೆ ಊರು ಬಿಟ್ಟು ಬಂದ ನಮ್ಮಂಥವರ ಮನೆತನಗಳಿಗೆ ಶಾಸನಗಳಿಲ್ಲ. ಪೆಟ್ಟಿಗೆಯ ತಳದಲ್ಲಿ ಹತ್ತಿಪ್ಪತ್ತು ಫೋಟೋಗಳಿವೆ, ಅಷ್ಟೆ. ಆ ಫೋಟೋಗಳಿಗೆ ಹೆಸರು ಹೇಳಬಲ್ಲ ಪುಸ್ತಕವು ಮನೆಯಲ್ಲಿರಲಿಲ್ಲ, ಅಂಗಡಿಯಲ್ಲಿತ್ತು. ಆ ಪುಸ್ತಕದ ಕಥೆಯೇ ಪ್ರಕೃತ ಲೇಖನದ ವಿಷಯ.

ಛಾಯಾಗ್ರಹಣದ ವಿದ್ಯೆ ಯುರೋಪಿನಲ್ಲಿ ಪ್ರಕಟವಾದದ್ದು 1839ರಲ್ಲಿ. ಹದಿನೈದೇ ವರ್ಷಗಳಲ್ಲಿ, ಅಂದರೆ 1854ರಲ್ಲಿ, ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವೊಂದು ಹುಟ್ಟಿತು. ಮರುವರ್ಷ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಈ ವಿದ್ಯೆಯ ತರಗತಿ ಆರಂಭವಾಯಿತು. ಧಾರವಾಡ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತಷ್ಟೆ. 1855ರಲ್ಲಿ ಮುಂಬಯಿ ಸರಕಾರವು ತೋಪುದಳದ ಅಧಿಕಾರಿಯಾದ ಬಿಗ್ಸ್ ಎಂಬವರನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆಯಲು ನಿಯಮಿಸಿತು. ಅವರ ತರುವಾಯ ಆ ಕಾರ್ಯವನ್ನು ಡಾಕ್ಟರ್ ಪಿಗೌ ಮುಂದುವರಿಸಿದರು. ಈ ಚಿತ್ರಗಳು ಮೆಡೋಸ್ ಟೇಲರರ ವಿವರಣೆಯೊಡನೆ 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಬೆಳಕು ಕಂಡವು. ಕನ್ನಡ ನಾಡು ಮಸೂರದ ಮುಂದೆ ನಿಂತ ಮೊದಲ ಸಂದರ್ಭಗಳಲ್ಲಿ ಇದೊಂದು. ಅದಕ್ಕೆ ದಾರಿಯಾದದ್ದು ಮುಂಬಯಿ.

ಅದೇ ಕಾಲದಲ್ಲಿ ಮದರಾಸು ಸೈನ್ಯದ ಗ್ರೀನ್‌ಲಾ ಎಂಬವರು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. ಆ ನೆಗೆಟಿವ್‌ಗಳು ಮರಳಿ ಬೆಳಕಿಗೆ ಬಂದದ್ದು 1980ರಲ್ಲಿ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿತ್ತೆಂಬುದನ್ನು ಇಂದು ಯಾರೂ ಕಣ್ಣಾರೆ ಕಾಣಲಾರರು. ಗ್ರೀನ್‌ಲಾ ಅವರ ಚಿತ್ರದಲ್ಲಿ ಅದು ಹಾಗೆಯೇ ನಿಂತಿದೆ. ಒಂದು ನೆಗೆಟಿವ್ ಉಳಿದರೆ ಏನು ಉಳಿಯುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ದೇವಾಲಯಗಳ ಚಿತ್ರಗಳನ್ನು ಕಾಯಲು ಸರಕಾರಗಳಿದ್ದವು, ಗ್ರಂಥಾಲಯಗಳಿದ್ದವು. ಮನುಷ್ಯರ ಮುಖಗಳನ್ನು ಕಾದದ್ದು ಸಣ್ಣ ಊರಿನ ಅಂಗಡಿ.

ಮೊದಲು ಚಿತ್ರ ತೆಗೆಯುವವನೂ ತೊಳೆಯುವವನೂ ಒಬ್ಬನೇ ಆಗಿದ್ದನು. 1888ರಲ್ಲಿ ಅಮೆರಿಕೆಯ ಈಸ್ಟ್‌ಮನ್ ಹೊರತಂದ ಕೊಡಾಕ್ ಕ್ಯಾಮೆರಾ ಈ ಎರಡು ಕೆಲಸಗಳನ್ನು ಬೇರ್ಪಡಿಸಿತು: ಚಿತ್ರ ತೆಗೆಯುವವರು ಯಾರಾದರೂ ಆಗಬಹುದು, ತೊಳೆಯುವುದು ಮಾತ್ರ ಬಲ್ಲವರ ಕೆಲಸ. ರೀಲು ತೊಳೆಯುವ ಅಂಗಡಿಯ ಹುಟ್ಟು ಈ ಬೇರ್ಪಡಿಕೆಯಲ್ಲಿಯೇ ಇದೆ. ನಮ್ಮ ದೇಶದಲ್ಲಿ ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು; ಒಂದು ರೀಲಿಗೆ ಹನ್ನೆರಡು ಚಿತ್ರ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸರಕಾರಿ ಕಾರಖಾನೆಯು 1967ರಿಂದ 'ಇಂದು' ಎಂಬ ಹೆಸರಿನ ಫಿಲ್ಮು ಮತ್ತು ಕಾಗದವನ್ನು ಒದಗಿಸತೊಡಗಿತು.

ಅಂಗಡಿಯ ಹಿಂಭಾಗದ ಕತ್ತಲೆ ಕೋಣೆಯೇ ಅದರ ಗರ್ಭಗುಡಿ. ಕೆಂಪು ದೀಪದ ಕೆಳಗೆ ಕಾಗದದ ಮೇಲೆ ಮುಖವು ಮೆಲ್ಲಗೆ ಮೂಡುವುದು. ಹೈಪೋ ದ್ರಾವಣದಲ್ಲಿ ಅದ್ದಿದಾಗ ಅದು ಸ್ಥಿರವಾಗುವುದು. ಹೈಪೋ ಪೂರ್ಣವಾಗಿ ಹೋಗುವವರೆಗೂ ತೊಳೆಯದಿದ್ದರೆ ಕೆಲವರ್ಷಗಳಲ್ಲಿ ಚಿತ್ರ ಹಳದಿಯಾಗಿ ಮಾಸುವುದು. ಆದುದರಿಂದ ನೀರಿನ ವಿಷಯದಲ್ಲಿ ಜುಗ್ಗತನ ತೋರಿದ ಅಂಗಡಿಯ ಚಿತ್ರಗಳು ಇಂದು ತಾವೇ ಸಾಕ್ಷಿ ನುಡಿಯುತ್ತವೆ.

ಆದರೆ ಇತಿಹಾಸಕಾರನಿಗೆ ಮುಖ್ಯವಾದದ್ದು ಅಂಗಡಿಯ ಮುಂಭಾಗದ ಮೇಜಿನ ಮೇಲಿದ್ದ ನೋಂದಣಿ ಪುಸ್ತಕ. ಬ್ಯಾಂಕಿನಲ್ಲಿ ದುಡಿಯುವ ನನಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಲಕೋಟೆಯ ಮೇಲೊಂದು ಅಂಕಿ, ಪುಸ್ತಕದಲ್ಲಿ ಅದೇ ಅಂಕಿ. ಎದುರಿಗೆ ಹೆಸರು, ತಾರೀಖು, ಪ್ರತಿಗಳ ಸಂಖ್ಯೆ, ಮುಂಗಡ, ಬಾಕಿ. ಲೆಕ್ಕದ ಪುಸ್ತಕಗಳನ್ನು ನಾವು ಕಾಯಿದೆಗೆ ಅಂಜಿ ಕಾಪಾಡುತ್ತೇವೆ. ಅಂಗಡಿಯವನು ಯಾವ ಕಾಯಿದೆಯೂ ಇಲ್ಲದೆ, ಗಿರಾಕಿ ಮತ್ತೊಂದು ಪ್ರತಿ ಕೇಳಿಯಾನೆಂಬ ಒಂದೇ ಆಸೆಯಿಂದ, ಅದನ್ನು ವರ್ಷಾನುಗಟ್ಟಲೆ ಕಾಪಾಡಿದನು.

ಇನ್ನು ನಾವಿರುವ ಬೇಲಾಪುರದ ಮಾತು. ಹಳೆಯ ಕೋಟೆಯೂ ಮೀನುಗಾರರ, ರೈತರ ವಸತಿಯೂ ಇದ್ದ ಈ ಸ್ಥಳದ ಸುತ್ತ ಹೊಸ ನಗರ ಕಟ್ಟುವ ಹೊಣೆ 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಗೆ ಬಂದಿತು. ಮಾನಖುರ್ದಿನಿಂದ ಖಾಡಿ ದಾಟಿದ ರೈಲು 1993ರಲ್ಲಿ ಬೇಲಾಪುರವನ್ನು ಮುಟ್ಟಿತು. ಅದೇ ವರ್ಷ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಆದೇಶಿಸಿತು; ಬ್ಯಾಂಕುಗಳೂ ಖಾತೆದಾರರ ಭಾವಚಿತ್ರ ಕೇಳತೊಡಗಿದವು. ಹೊಸ ಊರಿನಲ್ಲಿ ಬಾಡಿಗೆಯ ಮನೆಗೆ ಬಂದಿಳಿದ ಕನ್ನಡಿಗನು ತಾನು ಇಂಥವನೆಂದು ತೋರಿಸಲು ಮೊದಲು ಫೋಟೋ ಅಂಗಡಿಯ ಸ್ಟೂಲಿನ ಮೇಲೆ ಕುಳಿತುಕೊಳ್ಳಬೇಕಾಯಿತು. ಬಣ್ಣದ ಫಿಲ್ಮನ್ನು 38 ಡಿಗ್ರಿ ಉಷ್ಣತೆಯಲ್ಲಿ ತಾನೇ ತೊಳೆದು ಅಚ್ಚು ಹಾಕುವ ಜಪಾನಿನ ಯಂತ್ರಗಳ ಕಾಲವದು. ಗಂಟೆಯೊಳಗೆ ಚಿತ್ರ ಕೈಗೆ ಬರುತ್ತಿತ್ತು.

ಈ ಭಾಗ್ಯ ಬಹುಕಾಲ ನಿಲ್ಲಲಿಲ್ಲ. ಫಿಲ್ಮಿಲ್ಲದ ಕ್ಯಾಮೆರಾ ಬಂದಿತು. ಹಿಂದೆಯೇ ಅದು ದೂರವಾಣಿಯೊಳಗೆ ಸೇರಿಕೊಂಡಿತು. ಕೊನಿಕಾ ಕಂಪನಿಯು ಈ ವ್ಯಾಪಾರವನ್ನು ಬಿಡುವುದಾಗಿ 2006ರಲ್ಲಿ ಸಾರಿತು. ಕೊಡಾಕ್ 2012ರಲ್ಲಿ ದಿವಾಳಿತನದ ಕಾಯಿದೆಯ ರಕ್ಷಣೆ ಬೇಡಿತು. ನಮ್ಮ ಬಡಾವಣೆಯ ಅಂಗಡಿಯವರು ಬಾಗಿಲು ಹಾಕುವ ಮುನ್ನ ನನಗೆ ತಮ್ಮ ಪುಸ್ತಕಗಳನ್ನು ತೋರಿಸಿದರು. ಕೆಲವು ಹೆಸರುಗಳ ಎದುರಿಗೆ ಗುರುತಿಗೆಂದು 'ಹೋಟೆಲು', 'ಬ್ಯಾಂಕು' ಎಂದು ಮರಾಠಿಯಲ್ಲಿ ಬರೆದಿದ್ದರು. ನಮ್ಮವರ ಕಸುಬುಗಳ ಪಟ್ಟಿಯೇ ಅಲ್ಲಿತ್ತು. ಮುಂದಿನ ವಾರ ಹೋದಾಗ ಪುಸ್ತಕಗಳು ರದ್ದಿಗೆ ಸಂದಿದ್ದವು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕೇಳಬೇಕಾದ ನಾನು ಕೇಳಲಿಲ್ಲ. ಕಪ್ಪು ಬಿಳುಪಿನ ನೆಗೆಟಿವ್‌ಗಳಿಗಂತೂ ಅವುಗಳಲ್ಲಿರುವ ಬೆಳ್ಳಿಯೇ ಮೃತ್ಯುವಾಯಿತು.

ನನ್ನ ತಂದೆತಾಯಿಗಳ ಮದುವೆಯ ಫೋಟೋ ಧಾರವಾಡದ ಕಡೆಯ ಸಣ್ಣ ಊರೊಂದರಲ್ಲಿ ತೆಗೆದದ್ದು. ಅದರಲ್ಲಿ ನನ್ನ ಅವ್ವನ ಪಕ್ಕದಲ್ಲಿ, ಅವಳ ಭುಜದ ಮೇಲೆ ಕೈಯಿಟ್ಟು ನಿಂತ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳಾರೆಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ. ಲಕೋಟೆಯ ಮೇಲೆ 412 ಎಂಬ ಅಂಕಿ ಇಂದಿಗೂ ಸ್ಪಷ್ಟವಾಗಿದೆ. ಪ್ರತಿ ಬೇಕೆಂದು ಅವಳೂ ಅಂಗಡಿಗೆ ಹೋಗಿ ಹೆಸರು ಬರೆಯಿಸಿದ್ದಿರಬಹುದು. ಅಂಗಡಿ ಇಲ್ಲ, ಪುಸ್ತಕವಿಲ್ಲ, ಅಂಕಿಯೊಂದೇ ಇದೆ.

ಆದುದರಿಂದ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿರುವ ಹಳೆಯ ಚಿತ್ರಗಳ ಬೆನ್ನಿಗೆ, ಶಾಯಿಯಿಂದಲ್ಲ, ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆಯಿರಿ. ನೆಗೆಟಿವ್‌ಗಳನ್ನು ಅವುಗಳ ಲಕೋಟೆಯಿಂದ ಅಗಲಿಸಬೇಡಿರಿ. ತಮ್ಮ ಓಣಿಯ ಅಂಗಡಿ ಮುಚ್ಚುವ ಸುದ್ದಿ ತಿಳಿದರೆ ಪುಸ್ತಕಗಳನ್ನು ಸಂಘಕ್ಕಾಗಿ ಕೇಳಿರಿ. ಅನ್ಯರ ಮನೆಯ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸದಂತೆ ಜಾಗ್ರತೆ ವಹಿಸೋಣ. ಹೆಸರು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಬರುವ ಭಾನುವಾರವೇ ಅವರ ಮುಂದೆ ಪೆಟ್ಟಿಗೆ ಬಿಚ್ಚುವುದು ಲೇಸು.