ಮೂರು ನದಿಗಳ ಬೆಟ್ಟಕ್ಕೆ ಯಾತ್ರೆ

ಕುದುರೆಮುಖ ಬೆಟ್ಟಸಾಲಿನ ನಡುವೆ, ಭದ್ರಾ ನದಿಯ ಬಳಸಿನಲ್ಲಿರುವ ಕಳಸ ಮಲೆನಾಡಿನ ಹಳೆಯ ಯಾತ್ರಾಸ್ಥಳಗಳಲ್ಲೊಂದು. ಊರ ನಡುವಿನ ದಿಣ್ಣೆಯ ಮೇಲೆ, ಮೆಟ್ಟಿಲು ಹತ್ತಿ ಹೋದರೆ, ಕಳಸೇಶ್ವರನ ಗುಡಿ. ಸುಮಾರು ಎಂಟು ಕಿಲೋಮೀಟರ್ ಆಚೆ ಹೊರನಾಡಿನ ಅನ್ನಪೂರ್ಣೇಶ್ವರಿ. ಪಶ್ಚಿಮದ ಕಾಡಿನೊಳಗೆ, ವರಾಹ ಪರ್ವತವೆಂದು ಪುರಾಣಗಳು ಕರೆದ ಬೆಟ್ಟದಲ್ಲಿ, ಗಂಗಾಮೂಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಅಲ್ಲೇ ಹುಟ್ಟುತ್ತವೆ ಎಂಬುದು ಜನರ ನಂಬಿಕೆ. ಯಾತ್ರಿಕರು ಶೃಂಗೇರಿಯಲ್ಲಿ ತುಂಗೆಗೂ ಕಳಸದಲ್ಲಿ ಭದ್ರೆಗೂ ಧರ್ಮಸ್ಥಳದಲ್ಲಿ ನೇತ್ರಾವತಿಗೂ ಇಳಿದು ಮೀಯುತ್ತಾರೆ. ಮಲೆನಾಡಿನ ಕ್ಷೇತ್ರಗಳನ್ನು ಒಂದಕ್ಕೊಂದು ಹೆಣೆದಿರುವುದು ಈ ನೀರೇ.

ಕಳಸದ ಸ್ಥಳಪುರಾಣ ಅಗಸ್ತ್ಯನ ಸುತ್ತ ಬೆಳೆದಿದೆ. ಶಿವಪಾರ್ವತಿಯರ ಮದುವೆಗೆ ದೇವತೆಗಳೆಲ್ಲ ಹಿಮಾಲಯದಲ್ಲಿ ನೆರೆದಾಗ ಭೂಮಿ ಉತ್ತರಕ್ಕೆ ವಾಲಿತು. ಅದನ್ನು ಸರಿದೂಗಿಸಲು ಶಿವ ಅಗಸ್ತ್ಯನನ್ನು ದಕ್ಷಿಣಕ್ಕೆ ಕಳಿಸಿದ. ಕುಂಭಸಂಭವನಾದ ಮುನಿ ಇಲ್ಲಿ ನಿಂತು, ಇಲ್ಲಿಂದಲೇ ಮದುವೆಯನ್ನು ಕಣ್ತುಂಬಿಕೊಂಡನಂತೆ. ಅದಕ್ಕೇ ಕಳಸದಲ್ಲಿ ಗಿರಿಜಾಕಲ್ಯಾಣ ದೊಡ್ಡ ಹಬ್ಬ. ಸುತ್ತಲಿನ ತೋಟದ ಊರುಗಳ ಜನ ಮನೆಯ ಮದುವೆಗೆ ಹೊರಟಂತೆಯೇ ಅದಕ್ಕೆ ಹೊರಟು ಬರುತ್ತಾರೆ.

ಪುರಾಣವನ್ನು ದಾಟಿದರೆ ಸಿಗುವುದು ಶಾಸನಗಳ ಕಾಲ. ಹೊಂಬುಜದಿಂದ ಬಂದ ಸಾಂತರರ ಒಂದು ಕವಲು ಕಳಸದಲ್ಲಿ ನೆಲೆನಿಂತು, ಮುಂದೆ ಘಟ್ಟದ ಕೆಳಗಿನ ಕಾರ್ಕಳವನ್ನೂ ಸೇರಿಸಿಕೊಂಡು ಕಳಸ-ಕಾರ್ಕಳ ರಾಜ್ಯವನ್ನು ಆಳಿತು. 13ನೆಯ ಶತಮಾನದಲ್ಲಿ ಇಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಆಡಳಿತ ನಡೆಸಿದರು. ಈ ಮನೆತನದ ಭೈರರಸರು ಜೈನರು. 1432ರಲ್ಲಿ ಕಾರ್ಕಳದ ಬಂಡೆಗುಡ್ಡದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನೂ 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸನೂ ಇವರೇ. ಆದರೂ ಕಳಸದ ಶಿವನಿಗೆ ಭೂಮಿ ಬಿಡಲು ಅವರು ಹಿಂದೆಗೆಯಲಿಲ್ಲ. ಅರಸನ ಧರ್ಮ ಒಂದು, ಪೂಜೆಗೆ ಬಂದ ಪ್ರಜೆಯ ದೇವರು ಇನ್ನೊಂದು. ಎರಡಕ್ಕೂ ಒಂದೇ ಬೊಕ್ಕಸದಿಂದ ದಾನ ಸಲ್ಲುತ್ತಿತ್ತು. ಘಟ್ಟದ ಮೇಲೆ ಕೆಳಗೆ ಒಬ್ಬನೇ ಅರಸನಿದ್ದುದು ಯಾತ್ರಿಕರಿಗೂ ವ್ಯಾಪಾರಿಗಳಿಗೂ ಅನುಕೂಲವಾಗಿತ್ತು.

ಹಿಂದಿನ ಯಾತ್ರಿಕರ ಪಾಲಿಗೆ ಕಳಸವೆಂದರೆ ದೇವಾಲಯದಷ್ಟೇ ಮುಖ್ಯವಾಗಿ ಪಂಚತೀರ್ಥ: ವಸಿಷ್ಠ, ನಾಗ, ಕೋಟಿ, ರುದ್ರ ಮತ್ತು ಅಂಬಾ ತೀರ್ಥಗಳು. ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತಾಳೆ. ನೀರು ತಿಕ್ಕಿ ನುಣುಪಾಗಿಸಿದ ಕಲ್ಲುಗಳ ನಡುವೆ, ಒಂದು ದೊಡ್ಡ ಬಂಡೆಯ ಮೇಲೆ ಅಡ್ಡಲಾಗಿ ಕೂತ ಇನ್ನೊಂದು ಚಪ್ಪಟೆ ಬಂಡೆ. ದ್ವೈತಮತದ ಮಧ್ವಾಚಾರ್ಯರು ಇದನ್ನು ಒಂದೇ ಕೈಯಲ್ಲಿ ಎತ್ತಿ ತಂದಿಟ್ಟರೆಂದು ಅದರ ಮೇಲೆ ಸಂಸ್ಕೃತದಲ್ಲಿ ಕೆತ್ತಿದ್ದಾರೆ. ಸ್ನಾನಕ್ಕೆ ಬರುವವರ ಅನುಕೂಲಕ್ಕೆಂದು ಊರವರು ಸಾಗಿಸಲು ಹೊರಟು ಕೈಚೆಲ್ಲಿದ್ದ ಕಲ್ಲು ಅದು ಎಂಬ ಕಥೆ, ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿದೆ. ಬಿ.ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ಬರಹವೂ ಸೇರಿತು. ಪವಾಡವನ್ನು ನಂಬುವವರಿಗೂ ನಂಬದವರಿಗೂ ಇಲ್ಲಿ ನೋಡಲು ಒಂದು ಸಂಗತಿಯಿದೆ: ಉಡುಪಿಯ ಆಚಾರ್ಯರೊಬ್ಬರ ನೆನಪು ಘಟ್ಟ ಹತ್ತಿ ಬಂದು ಶೈವಕ್ಷೇತ್ರವೊಂದರ ಹೊಳೆಯ ಕಲ್ಲಿನಲ್ಲಿ ನಿಂತಿದೆ. ಹೀಗೆ ಮಾಧ್ವರಿಗೂ ಕಳಸ ಯಾತ್ರಾಸ್ಥಳವಾಯಿತು.

ಈ ಕ್ಷೇತ್ರಗಳನ್ನು ತಲುಪುವುದು ಸುಲಭದ ಮಾತಾಗಿರಲಿಲ್ಲ. ಘಟ್ಟದ ಕೆಳಗಿನಿಂದ ಬರುವವರಿಗೆ ಮಾಳ, ಚಾರ್ಮಾಡಿ, ಆಗುಂಬೆಯ ದಾರಿಗಳಿದ್ದವು. ದಿಡುಪೆಯಿಂದ ಎಳನೀರು ಹತ್ತಿ ಸಂಸೆಗೆ ಬರುವ ಕಾಲುದಾರಿಯೂ ಇತ್ತು. ಮಳೆಗಾಲದ ನಾಲ್ಕು ತಿಂಗಳು ಹಳ್ಳಗಳು ಉಕ್ಕಿ, ಮರ ಬಿದ್ದು, ದಾರಿಗಳು ಮುಚ್ಚಿಹೋಗುತ್ತಿದ್ದವು. ಯಾತ್ರೆ ಹೊರಡುತ್ತಿದ್ದುದು ದೀಪಾವಳಿ ಕಳೆದ ಮೇಲೆ. ಬೇಗ ಹೊರಟವರನ್ನು ತೇವದ ತರಗೆಲೆಯಲ್ಲಿ ಇಂಬಳ ಕಾಯುತ್ತಿತ್ತು. ಕಾಲಿಗೆ ಹಚ್ಚಿಕೊಳ್ಳಲು ಸುಣ್ಣ, ಹೊಗೆಸೊಪ್ಪು ಜೊತೆಗಿರಬೇಕಿತ್ತು. ಅಕ್ಕಿಯ ಗಂಟು, ಹರಕೆಯ ಮುಡಿಪು ಹೊತ್ತು ಗುಂಪಾಗಿ ನಡೆಯುವುದು, ಇರುಳಿಗೆ ದಾರಿಯ ಮನೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ತಂಗುವುದು ರೂಢಿ. ಇಂಥ ಕಾಡಿನಲ್ಲಿ ಹಸಿದು ಬಂದವರಿಗೆ ಊಟ ಹಾಕದ ಕ್ಷೇತ್ರ ಬಾಳುವಂತಿರಲಿಲ್ಲ. ಹೊರನಾಡಿನ ದೇವಿ ಅನ್ನಪೂರ್ಣೆಯಾಗಿರುವುದೂ ಅಲ್ಲಿ ಅನ್ನದಾನವೇ ಮುಖ್ಯ ಸೇವೆಯಾಗಿರುವುದೂ ಈ ಹಿನ್ನೆಲೆಯಲ್ಲೇ ಸರಿಯಾಗಿ ಅರ್ಥವಾಗುತ್ತವೆ.

ಬ್ರಿಟಿಷರ ಕಾಲದಲ್ಲಿ ಈ ಬೆಟ್ಟಸಾಲು ಗಡಿಯಾಯಿತು. ಮೇಲೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ, ಕೆಳಗೆ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ಒಂದು ಕಾಲಕ್ಕೆ ಒಂದೇ ರಾಜ್ಯವಾಗಿದ್ದ ಕಳಸ, ಕಾರ್ಕಳಗಳು 1956ರವರೆಗೆ ಬೇರೆಬೇರೆ ಆಡಳಿತದಲ್ಲಿ ಉಳಿದವು. ಸಮುದ್ರದಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುವ ಶಿಖರ ಹಡಗಿನವರಿಗೆ ಗುರುತಾಗಿತ್ತು. ಕರಾವಳಿಯ ಸೆಕೆ ತಾಳದ ಆಂಗ್ಲ ಅಧಿಕಾರಿಗಳು ಬೇಸಿಗೆಗೆ ಅದರ ನೆತ್ತಿಯ ಕಡೆಗೆ ಹತ್ತುತ್ತಿದ್ದರು. ಶಿಖರದ ಹಾದಿಯ ಹುಲ್ಲುಗಾವಲಿನಲ್ಲಿ ಪಾಳುಬಿದ್ದ ಇಗರ್ಜಿಯೊಂದರ ಕಲ್ಲುಗೋಡೆಗಳು ಇಂದಿಗೂ ಕಾಣುತ್ತವೆ.

ಕಾಫಿಯ ಕಥೆಯೂ ಯಾತ್ರೆಯಿಂದಲೇ ಆರಂಭವಾಗುತ್ತದೆ. ಇದೇ ಜಿಲ್ಲೆಯ ಚಂದ್ರದ್ರೋಣ ಪರ್ವತದ ಬಾಬಾ ಬುಡನ್ ಎಂಬ ಸೂಫಿ ಸಂತ 17ನೆಯ ಶತಮಾನದಲ್ಲಿ ಮಕ್ಕಾ ಯಾತ್ರೆ ಮುಗಿಸಿ ಮರಳುವಾಗ ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ಬೆಟ್ಟದಲ್ಲಿ ಬಿತ್ತಿದನೆಂಬುದು ಪ್ರತೀತಿ. ಅವನ ಹೆಸರಿನ ಗಿರಿ ಮುಸ್ಲಿಮರಿಗೂ ಹಿಂದೂಗಳಿಗೂ ಯಾತ್ರಾಸ್ಥಳ. 19ನೆಯ ಶತಮಾನದಲ್ಲಿ ಮೂಡಿಗೆರೆ, ಕಳಸದ ಇಳಿಜಾರುಗಳಿಗೆ ಕಾಫಿ ಹಬ್ಬಿದಂತೆ ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಆಳುಗಳು ತಂಡತಂಡವಾಗಿ ಬಂದರು. ಅವರಿಗಾಗಿ, ಕಾಫಿ ಮೂಟೆಗಳಿಗಾಗಿ, ಘಟ್ಟದ ಕಾಲುದಾರಿಗಳು ಗಾಡಿರಸ್ತೆಗಳಾದವು. ಯಾತ್ರಿಕರು ಆ ರಸ್ತೆಗಳನ್ನೇ ಹಿಡಿದರು.

ನಿಜವಾದ ಬದಲಾವಣೆ ಬಂದಿದ್ದು 1970ರ ದಶಕದಲ್ಲಿ. 1973ರಲ್ಲಿ ಹೊರನಾಡಿನ ದೇವಾಲಯ ಜೀರ್ಣೋದ್ಧಾರಗೊಂಡು ಅನ್ನಪೂರ್ಣೇಶ್ವರಿಯ ಹೊಸ ವಿಗ್ರಹದ ಪ್ರತಿಷ್ಠೆ ನಡೆಯಿತು. ಅದುವರೆಗೆ ಕಾಡಿನೊಳಗಿನ ಒಂದು ಮನೆತನದ ಆರೈಕೆಯಲ್ಲಿದ್ದ ಗುಡಿ ನಾಡಿಗೆಲ್ಲ ಪರಿಚಿತವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನಿಗೆ ಅದಿರು ಕಳಿಸುವ ಒಪ್ಪಂದದಿಂದ ಹುಟ್ಟಿದ ಯೋಜನೆ ಅದು. ಕಾಡಿನ ನಡುವೆ ಮಲ್ಲೇಶ್ವರ ಎಂಬಲ್ಲಿ ಪಟ್ಟಣ ಎದ್ದಿತು, ಲಕ್ಯಾ ಹೊಳೆಗೆ ಅಣೆಕಟ್ಟು ಬಂತು, ಲಾರಿ ಬಸ್ಸುಗಳು ಸರಾಗವಾಗಿ ಓಡಾಡುವ ಹೆದ್ದಾರಿ ಕಾರ್ಕಳದವರೆಗೆ ಸಾಗಿತು. ಶೃಂಗೇರಿ, ಹೊರನಾಡು, ಕಳಸ, ಧರ್ಮಸ್ಥಳ, ಸುಬ್ರಹ್ಮಣ್ಯ ಎಂದು ಎರಡು ಮೂರು ದಿನಗಳಲ್ಲಿ ಸುತ್ತಿಬರುವ ಯಾತ್ರೆ ರೂಢಿಯಾಯಿತು. ಅದನ್ನು ಊರವರ ಬದುಕಿಗೂ ಬೆಸೆದಿದ್ದು ಕೊಪ್ಪದ ಸಹಕಾರ ಸಾರಿಗೆ. ಶಂಕರ್ ಎಂಬ ಬಸ್ ಕಂಪನಿ ನಿಂತುಹೋದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಈ ಸಂಸ್ಥೆಯ ಬಸ್ಸುಗಳಲ್ಲಿ ಯಾತ್ರಿಕರು, ಶಾಲೆಯ ಮಕ್ಕಳು, ತೋಟದ ಆಳುಗಳು ಒಟ್ಟಿಗೆ ಕೂರುತ್ತಿದ್ದರು. 2020ರಲ್ಲಿ ಅದು ನಿಂತದ್ದು ಮಲೆನಾಡಿಗೆ ದೊಡ್ಡ ನಷ್ಟ.

ಗಣಿಗಾರಿಕೆ ಯಾತ್ರೆಗೆ ದಾರಿ ಕೊಟ್ಟಿತು, ಆದರೆ ಯಾತ್ರೆಯ ಮೂಲವಾದ ನೀರನ್ನೇ ಕೆಂಪು ಮಾಡಿತು. ಗಂಗಾಮೂಲದ ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಭದ್ರೆಗೆ ಹೂಳು ಸೇರುವುದನ್ನು ವಿರೋಧಿಸಿ ದೀರ್ಘ ಹೋರಾಟ ನಡೆದು, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಈಗ ಉದ್ಯಾನದ ಚೆಕ್‌ಪೋಸ್ಟುಗಳಲ್ಲಿ ವಾಹನಗಳ ತಪಾಸಣೆಯಿದೆ, ಇರುಳು ಸಂಚಾರಕ್ಕೆ ನಿರ್ಬಂಧವಿದೆ, ದಾರಿಯಲ್ಲಿ ಇಳಿದು ಅಡ್ಡಾಡುವಂತಿಲ್ಲ. ಮೂರು ನದಿಗಳ ತಾಣದಲ್ಲಿ ಇಷ್ಟು ಬಿಗಿ ಇರಲೇಬೇಕು.

ಮಳೆಗಾಲ ಮಾತ್ರ ಹಳೆಯ ಯಾತ್ರಿಕರ ಕಾಲವನ್ನು ಆಗಾಗ ನೆನಪಿಸಿತು. ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆಯ ತಗ್ಗು ಸೇತುವೆ ಭದ್ರೆ ತುಂಬಿದಾಗಲೆಲ್ಲ ಮುಳುಗಿ, ಬಂದವರು ದಂಡೆಯಲ್ಲೇ ಕಾಯಬೇಕಾಗುತ್ತಿತ್ತು. ಅವಸರವಿದ್ದವರು ಹಳುವಳ್ಳಿಯ ಸುತ್ತುದಾರಿ ಹಿಡಿಯುತ್ತಿದ್ದರು. ನಡೆದು ಹೋಗುವ ಹರಕೆಯೂ ಅಳಿದಿಲ್ಲ. ಶಿವರಾತ್ರಿಗೆ ಮುನ್ನ ಬೆಂಗಳೂರು, ಹಾಸನದ ಕಡೆಯ ಪಾದಯಾತ್ರಿಗಳ ಸಾಲು ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಧರ್ಮಸ್ಥಳ ಸೇರುತ್ತದೆ. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಹಣ್ಣು, ಊಟ ಕೊಡುತ್ತಾರೆ. ಬೆಳ್ತಂಗಡಿ ತಾಲೂಕಿಗೆ ಸೇರಿದ್ದರೂ ಘಟ್ಟದ ಮೇಲಿರುವ ಎಳನೀರಿನವರು, ದಿಡುಪೆಗೆ ಇಳಿಯುವ ಆ ಹಳೆಯ ಕಾಲುದಾರಿಯನ್ನು ರಸ್ತೆ ಮಾಡಿಕೊಡಿ ಎಂದು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ.