ಖಾಲಿ ಪೀಠ ಮತ್ತು ಎಂಟು ದಿನ: ಅಂಗಮಾಲಿ–ಗೋವಾ ವಿವಾದದಲ್ಲಿ ಮಹಾಧರ್ಮಾಧ್ಯಕ್ಷ ಪದವಿಯ ಎರಡು ಅರ್ಥಗಳು

1597ರಲ್ಲಿ ಅಂಗಮಾಲಿಯ ಮಹಾಧರ್ಮಾಧ್ಯಕ್ಷ ಮಾರ್ ಅಬ್ರಹಾಂ ತೀರಿಕೊಂಡರು. ತಾವೇ ಕಟ್ಟಿಸಿದ್ದ ಸಂತ ಹೊರ್ಮಿಸ್ದರ ದೇವಾಲಯದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಮೆಸೊಪೊಟೇಮಿಯದಿಂದ ಮಲಬಾರಿಗೆ ಬಂದು ಅಲ್ಲಿನ ಕ್ರೈಸ್ತರಾದ ನಸ್ರಾಣಿಗಳನ್ನು ಆಳಿದ ಸಿರಿಯಾಕ್ ಮೆಟ್ರೊಪಾಲಿಟನ್ನರ ಸಾಲು ಅವರೊಂದಿಗೆ ಕಡಿಯಿತು. ಪೀಠ ಖಾಲಿಯಾದರೆ ಆಡಳಿತ ಯಾರದ್ದು ಎಂಬ ಪ್ರಶ್ನೆ ಊರಿನವರಿಗೆ ಏಳಲೇ ಇಲ್ಲ. ಹಿಂದಿನಿಂದ ನಡೆದು ಬಂದಂತೆ ಅದು ಸಮುದಾಯದ ಪಾರುಪತ್ಯಗಾರರಾದ ಅರ್ಕದಿಯಾಕೋನರದ್ದು. ಗೋವಾದ ಮಹಾಧರ್ಮಾಧ್ಯಕ್ಷರ ಪ್ರಕಾರ ಮಾತ್ರ ಅದು ತಮ್ಮದು. ಎರಡು ವರ್ಷಗಳ ನಂತರ ನಡೆದ ಉದಯಂಪೇರೂರು ಸಮ್ಮೇಳನವನ್ನು ನಮ್ಮ ಪಠ್ಯಪುಸ್ತಕಗಳು ಪೋರ್ಚುಗೀಸರ ದಬ್ಬಾಳಿಕೆಯ ಕಥೆಯಾಗಿ ಹೇಳುತ್ತವೆ. ದಬ್ಬಾಳಿಕೆ ಇದ್ದದ್ದು ನಿಜ. ಆದರೆ ಆ ಜಗಳದ ಬುಡದಲ್ಲಿ ಇನ್ನೊಂದು ಸಂಗತಿಯಿದೆ. ಒಂದೇ ಹೆಸರಿನ ಪದವಿಯನ್ನು ಎರಡು ಕಡೆಯವರು ಎರಡು ಬಗೆಯಾಗಿ ತಿಳಿದಿದ್ದರು. ಈ ಲೇಖನದ ಕಾಳಜಿ ಅದು.

ಕನ್ನಡದ 'ಮಹಾಧರ್ಮಾಧ್ಯಕ್ಷ' ಎಂಬ ಮಾತು ಇಲ್ಲಿ ಸ್ವಲ್ಪ ತೊಡಕು ತರುತ್ತದೆ. ಧರ್ಮಾಧ್ಯಕ್ಷರಿಗಿಂತ ದೊಡ್ಡವರು, ಆದ್ದರಿಂದ ಅವರ ಮೇಲೆ ಅಧಿಕಾರವುಳ್ಳವರು ಎಂಬ ಭಾವನೆ ಬಂದುಬಿಡುತ್ತದೆ. ದೀಕ್ಷೆಯ ದೃಷ್ಟಿಯಿಂದ ಇಬ್ಬರೂ ಸಮಾನರೇ. ಮಹಾಧರ್ಮಾಧ್ಯಕ್ಷರಿಗೆಂದು ಬೇರೆ ದೀಕ್ಷೆಯಿಲ್ಲ. ಇರುವ ವ್ಯತ್ಯಾಸ ಉಸ್ತುವಾರಿಯದು. 325ರ ನೈಸಿಯಾ ಮಹಾಸಭೆಯ ನಾಲ್ಕನೆಯ ನಿಯಮದಂತೆ ಹೊಸ ಬಿಷಪ್‌ಗೆ ಆ ಪ್ರಾಂತ್ಯದ ಬಿಷಪ್ಪರೆಲ್ಲ ಸೇರಿ, ಆಗದಿದ್ದರೆ ಮೂವರಾದರೂ ಸೇರಿ ದೀಕ್ಷೆ ಕೊಡಬೇಕು. ಅದನ್ನು ಖಾಯಂಗೊಳಿಸುವುದು ಪ್ರಾಂತ್ಯದ ಮುಖ್ಯಪಟ್ಟಣದ ಬಿಷಪ್‌, ಅಂದರೆ ಮೆಟ್ರೊಪಾಲಿಟನ್. ಈ ಉಸ್ತುವಾರಿ ಎಲ್ಲಿಗೆ ಮುಗಿಯುತ್ತದೆ, ನೇರ ಆಡಳಿತ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಗಾಗಿ ಮುಂದಿನ ಸಾವಿರ ವರ್ಷ ಜಗ್ಗಾಟ ನಡೆಯಿತು.

ರೋಮ್ ಆ ಗೆರೆಯನ್ನು ಒಂದು ಉಣ್ಣೆಯ ಪಟ್ಟಿಯಿಂದ ಎಳೆಯಿತು. ಪ್ಯಾಲಿಯಮ್ ಎಂಬ ಈ ಬಿಳಿಯ ಪಟ್ಟಿ ಕೊರಳ ಸುತ್ತ ಬಂದು ಎದೆಗೂ ಬೆನ್ನಿಗೂ ಒಂದೊಂದು ತುಂಡು ಇಳಿಯುತ್ತದೆ. ಮೈಮೇಲೆ ಆರು ಕಪ್ಪು ಶಿಲುಬೆಗಳು. ಜನವರಿ 21ರಂದು, ಸಂತ ಆಗ್ನೆಸ್ ಹಬ್ಬದ ದಿನ, ಆಶೀರ್ವದಿಸಿದ ಕುರಿಮರಿಗಳ ಉಣ್ಣೆಯಿಂದ ಅದನ್ನು ನೇಯುತ್ತಾರೆ. ನೇಯ್ದದ್ದನ್ನು ಸಂತ ಪೇತ್ರರ ಸಮಾಧಿಯ ಬಳಿ ಇರಿಸಿ ಆಮೇಲೆ ಕೊಡುತ್ತಾರೆ. 601ರಲ್ಲಿ ಪೋಪ್ ಮಹಾ ಗ್ರೆಗರಿ ಇಂಗ್ಲೆಂಡಿನ ಅಗಸ್ಟಿನ್‌ಗೆ ಇದನ್ನು ಕಳಿಸಿದ್ದು ಪ್ರಸಿದ್ಧ. ಕ್ರಮೇಣ ಪ್ಯಾಲಿಯಮ್ ಕೈಸೇರುವ ತನಕ ಮೆಟ್ರೊಪಾಲಿಟನ್ ತನ್ನ ಹಕ್ಕು ಚಲಾಯಿಸಬಾರದೆಂಬ ನಿಯಮ ಗಟ್ಟಿಯಾಯಿತು. ಹೀಗೆ ಪ್ರಾಂತ್ಯದ ಬಿಷಪ್ಪರಿಂದ ಬಂದಿದ್ದ ಅಧಿಕಾರದ ಮೂಲ ರೋಮಿಗೆ ಜರುಗಿತು.

ಕೆಳಗಿನವರೂ ಸುಮ್ಮನಿರಲಿಲ್ಲ. ಒಂಬತ್ತನೆಯ ಶತಮಾನದ ನಡುವೆ ಫ್ರಾಂಕರ ನಾಡಿನಲ್ಲಿ ಹಳೆಯ ಪೋಪರ ಹೆಸರಲ್ಲಿ ಖೋಟಾ ಪತ್ರಗಳ ದೊಡ್ಡ ಕಟ್ಟೊಂದು ಹುಟ್ಟಿತು. ಅದರ ಮುಖ್ಯ ಗುರಿ ಬಿಷಪ್ಪರನ್ನು ಮೆಟ್ರೊಪಾಲಿಟನ್ನರ ಕೈಯಿಂದ ಬಿಡಿಸಿ ನೇರ ರೋಮಿನ ರಕ್ಷಣೆಗೆ ಒಪ್ಪಿಸುವುದು. ರೀಮ್ಸ್‌ನ ಮಹಾಧರ್ಮಾಧ್ಯಕ್ಷ ಹಿಂಕ್ಮಾರ್ ಸುವಾಸೊನ್‌ನ ಬಿಷಪ್ ರೊಥಾಡ್‌ನನ್ನು ಪದವಿಯಿಂದ ಇಳಿಸಿದಾಗ ರೊಥಾಡ್ ರೋಮಿಗೆ ದೂರು ಒಯ್ದ. ಪೋಪ್ ಒಂದನೆಯ ನಿಕೊಲಾಸ್ 865ರಲ್ಲಿ ಅವನನ್ನು ಮತ್ತೆ ಪೀಠದಲ್ಲಿ ಕೂರಿಸಿದ. ಸಾಮಾನ್ಯ ಬಿಷಪ್ಪರಿಗೆ ಪಕ್ಕದೂರಿನ ಮಹಾಧರ್ಮಾಧ್ಯಕ್ಷರಿಗಿಂತ ದೂರದ ಪೋಪರೇ ಹಿತವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಮನೆಯ ಯಜಮಾನನ ಕಾಟ ತಡೆಯಲಾರದೆ ಅರಮನೆಗೆ ಅರ್ಜಿ ಕೊಡುವುದು ನಮಗೂ ಗೊತ್ತಿರುವ ಉಪಾಯವೇ. 1563ರ ಟ್ರೆಂಟ್ ಮಹಾಸಭೆಯ 24ನೆಯ ಅಧಿವೇಶನ ಬರುವ ಹೊತ್ತಿಗೆ ಮೆಟ್ರೊಪಾಲಿಟನ್‌ನ ರೆಕ್ಕೆ ಸಾಕಷ್ಟು ಕತ್ತರಿಸಿಯಾಗಿತ್ತು. ಪ್ರಾಂತೀಯ ಸಮ್ಮೇಳನ ಕಾರಣವನ್ನು ಪರಿಶೀಲಿಸಿ ಒಪ್ಪಿದ ಹೊರತು ಅವನು ತನ್ನ ಅಧೀನದ ಧರ್ಮಪ್ರಾಂತ್ಯಗಳಿಗೆ ತಪಾಸಣೆಗೆ ಹೋಗುವಂತಿಲ್ಲ ಎಂದಿತು ಆ ಸಭೆ. ಒಂದು ಕಿಂಡಿ ಮಾತ್ರ ಉಳಿಸಿತು: ಬಿಷಪ್ ಸತ್ತರೆ ಪ್ರಧಾನಾಲಯದ ಗುರುಮಂಡಳಿ ಎಂಟು ದಿನದೊಳಗೆ ಆಡಳಿತಗಾರನನ್ನು ನೇಮಿಸಬೇಕು, ನೇಮಿಸದಿದ್ದರೆ ಆ ಹಕ್ಕು ಮೆಟ್ರೊಪಾಲಿಟನ್‌ಗೆ ಬರುತ್ತದೆ.

ಮಲಬಾರಿನಲ್ಲಿ ಇದ್ದದ್ದು ಬೇರೆಯೇ ಲೋಕ. ಪೂರ್ವದ ಸಿರಿಯಾಕ್ ಸಭೆಯಲ್ಲಿ ಭಾರತ ಹೊರನಾಡಿನ ಮೆಟ್ರೊಪಾಲಿಟನ್ ಪ್ರಾಂತ್ಯ. ಇಂಥ ದೂರದವರು ಸಮ್ಮೇಳನಕ್ಕೆ ಬರಬೇಕಿಲ್ಲ, ಆರು ವರ್ಷಕ್ಕೊಮ್ಮೆ ಪಿತೃಪ್ರಧಾನರಿಗೆ ಪತ್ರ ಬರೆದರೆ ಸಾಕು ಎಂದು ಒಂಬತ್ತನೆಯ ಶತಮಾನದಲ್ಲೇ ತೀರ್ಮಾನವಾಗಿತ್ತು. ಬಾಗ್ದಾದ್ ಕಡೆಯಿಂದ ಬರುವ ಮೆಟ್ರೊಪಾಲಿಟನ್‌ಗೆ ಮಲಯಾಳ ಬಾರದು, ನಾಡಿನ ರಾಜರ ಪರಿಚಯವಿಲ್ಲ. ಅವನ ಕೆಲಸ ಗುರುದೀಕ್ಷೆ ಕೊಡುವುದು, ತೈಲ ಪವಿತ್ರಗೊಳಿಸುವುದು, ಪೂಜೆ ಅರ್ಪಿಸುವುದು. ಪಾರುಪತ್ಯವೆಲ್ಲ ಅರ್ಕದಿಯಾಕೋನನದು. ಆ ಹುದ್ದೆ ಪಕಲೋಮಟ್ಟಂ ಮನೆತನದಲ್ಲಿ ಉಳಿದು ಬಂದಿತ್ತು. ಊರೂರಿನ ದೇವಾಲಯದ ವ್ಯವಹಾರವನ್ನು ಕತ್ತನಾರರೆಂಬ ಗುರುಗಳೂ ಮನೆ ಯಜಮಾನರೂ ಸೇರಿದ ಯೋಗಂ ನೋಡಿಕೊಳ್ಳುತ್ತಿತ್ತು. ಉಡುಪಿಯ ಮಠಗಳಲ್ಲಿ ದೀಕ್ಷೆ, ಪೂಜೆ ಸ್ವಾಮಿಗಳದು, ಲೆಕ್ಕಪತ್ರ ದಿವಾನರದು ಎಂಬ ಏರ್ಪಾಡನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಹೋಲಿಕೆ ಅಲ್ಲಿಗೇ ನಿಲ್ಲಬೇಕು: ಅರ್ಕದಿಯಾಕೋನ ಸಮುದಾಯದ ನಾಯಕನೂ ಹೌದು, ರಾಜರೊಡನೆ ಮಾತಾಡುವವನೂ ಹೌದು, ಅವನ ಬೆನ್ನಿಗೆ ಆಯುಧ ಹಿಡಿದ ಜನವೂ ಇತ್ತು.

ಪೋಪ್ ನಾಲ್ಕನೆಯ ಪಿಯುಸ್ 1565ರಲ್ಲಿ ಮಾರ್ ಅಬ್ರಹಾಮರನ್ನು ಮಾನ್ಯ ಮಾಡಿದಾಗ ಎರಡೂ ಲೋಕಗಳು ಒಂದೇ ಕಾಗದದ ಮೇಲೆ ಕೂತವು. ರೋಮಿನ ಕಡತದಲ್ಲಿ ಅವರು ಅಂಗಮಾಲಿಯ ಮಹಾಧರ್ಮಾಧ್ಯಕ್ಷ. ನಸ್ರಾಣಿಗಳಿಗೆ ಪಿತೃಪ್ರಧಾನರು ಕಳಿಸಿದ ಮೆಟ್ರೊಪಾಲಿಟನ್. ಗೋವಾದವರಿಗೆ? ಗೋವಾ 1533ರಲ್ಲಿ ಧರ್ಮಪ್ರಾಂತ್ಯವಾಗಿ, ಇಪ್ಪತ್ತೈದು ವರ್ಷಗಳೊಳಗೆ ಕೊಚ್ಚಿ ಮತ್ತು ಮಲಾಕ್ಕಾಗಳನ್ನು ಅಧೀನಕ್ಕೆ ಪಡೆದ ಮಹಾಧರ್ಮಪ್ರಾಂತ್ಯವಾಗಿತ್ತು. ಅಂಗಮಾಲಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆದರೂ 1585ರಲ್ಲಿ ಗೋವಾದ ಮೂರನೆಯ ಪ್ರಾಂತೀಯ ಸಮ್ಮೇಳನಕ್ಕೆ ಅಬ್ರಹಾಂ ಹೋಗಿ ಕೂತಿದ್ದರು. ಹೋಗಿದ್ದೇ ಅಧೀನತೆಗೆ ಸಾಕ್ಷಿ ಎಂದು ಗೋವಾ ಎಣಿಸಿತು.

ಅಲೆಕ್ಸೊ ದ ಮೆನೇಜಸ್ 1595ರಲ್ಲಿ ಗೋವಾಕ್ಕೆ ಬಂದರು. ಅಗಸ್ಟಿನಿಯನ್ ಸಂನ್ಯಾಸಿ, ವಯಸ್ಸು ಮೂವತ್ತಾರು. ಅಬ್ರಹಾಮರ ಬಗ್ಗೆ ವಿಚಾರಿಸಲು, ಅವರು ಸತ್ತರೆ ತಾತ್ಕಾಲಿಕ ಆಡಳಿತಗಾರನನ್ನು ನೇಮಿಸಲು ಪೋಪ್ ಎಂಟನೆಯ ಕ್ಲೆಮೆಂಟರ ಪತ್ರಗಳು ಮೆನೇಜಸರ ಬಳಿ ಇದ್ದವು. ಸಾವಿನ ಸುದ್ದಿ ಮುಟ್ಟಿದಾಗ ಅವರು ಮೊದಲು ಯೇಸುಸಭೆಯ ಫ್ರಾನ್ಸಿಸ್ಕೊ ರೋಸ್ ಹೆಸರು ಸೂಚಿಸಿದರು. ವಿರೋಧ ಎದ್ದಾಗ ಅರ್ಕದಿಯಾಕೋನ ಗೀವರ್ಗೀಸರನ್ನೇ ಒಪ್ಪಿಕೊಂಡರು. ಅವರೇನೋ ಆಗಲೇ ಆಡಳಿತ ನಡೆಸುತ್ತಿದ್ದರು!

1599ರ ಆರಂಭದಲ್ಲಿ ಮೆನೇಜಸ್ ತಾವೇ ಮಲಬಾರಿಗೆ ಇಳಿದರು. ಅವರ ಕಡೆಯ ಅಂತೋನಿಯೊ ದ ಗೌವೇಯ ಬರೆದು 1606ರಲ್ಲಿ ಕೊಯಿಂಬ್ರಾದಲ್ಲಿ ಅಚ್ಚಾದ ಪ್ರವಾಸ ಕಥನವೇ ನಮಗೆ ಮುಖ್ಯ ಆಕರ. ಅದು ಹೊಗಳುಗ ಬರೆದ ಕೃತಿ, ಆ ಎಚ್ಚರ ಬೇಕು. ಆದರೆ ವೈಪ್ಪಿಕೋಟ್ಟಾದ ಗುರುಶಿಕ್ಷಣಾಲಯದ ಪ್ರಸಂಗದಲ್ಲಿ ಹೊಗಳಿಕೆಯೇ ಗುಟ್ಟು ಬಿಟ್ಟುಕೊಡುತ್ತದೆ. ಸಂಜೆಯ ಸಿರಿಯಾಕ್ ಪ್ರಾರ್ಥನೆಯಲ್ಲಿ ಬಾಬಿಲೋನಿನ ಪಿತೃಪ್ರಧಾನರನ್ನು ಇಡೀ ಸಭೆಯ ಪಾಲಕ ಎಂದು ನೆನೆಯುವುದು ಮೆನೇಜಸರಿಗೆ ತಿಳಿಯಿತು. ಆ ಬಿರುದು ಪೋಪರೊಬ್ಬರದೇ. ಮುಂದೆ ಪಿತೃಪ್ರಧಾನರನ್ನು ಹಾಗೆ ನೆನೆದವರಿಗೆ ಬಹಿಷ್ಕಾರ ಎಂದು ಅವರು ಸಾರಿದರು. ಆ ಆಜ್ಞೆಗೆ ಅರ್ಕದಿಯಾಕೋನರೂ ರುಜು ಹಾಕಬೇಕಾಯಿತು. ಗೋವಾದ ಮಹಾಧರ್ಮಾಧ್ಯಕ್ಷ ಇನ್ನೊಂದು ಪೀಠದ ದೇವಾಲಯದಲ್ಲಿ ನಿಂತು ಅಲ್ಲಿನ ಪ್ರಾರ್ಥನೆಯನ್ನು ತಿದ್ದುತ್ತಿದ್ದರು. ಇಂಥ ಅತಿಕ್ರಮ ತಡೆಯಲೆಂದೇ ಟ್ರೆಂಟ್ ನಿಯಮ ಮಾಡಿತ್ತು. ಟ್ರೆಂಟ್‌ ನಿಯಮಗಳನ್ನು ಜಾರಿಗೆ ತರುತ್ತೇವೆಂದು ಹೊರಟವರು ಅದೇ ಸಭೆ ಮೆಟ್ರೊಪಾಲಿಟನ್‌ಗೆ ಹಾಕಿದ ಬೇಲಿಯನ್ನು ದಾಟಿದರು.

ನಂತರದ ತಿಂಗಳುಗಳಲ್ಲಿ ಅವರು ಅಲ್ಲಲ್ಲಿ ಗುರುದೀಕ್ಷೆ ಕೊಟ್ಟು ತಮ್ಮ ಕಡೆಗೆ ನಿಲ್ಲುವ ಕತ್ತನಾರರನ್ನು ಕೂಡಿಸಿಕೊಂಡರು, ಕೊಚ್ಚಿಯ ರಾಜನ ಒತ್ತಾಸೆಯನ್ನೂ ಪಡೆದರು. ಜೂನ್ 20ರಿಂದ 26ರವರೆಗೆ ಉದಯಂಪೇರೂರಿನಲ್ಲಿ ಸೇರಿದ ಸಮ್ಮೇಳನದಲ್ಲಿ 153 ಗುರುಗಳೂ ಸುಮಾರು 660 ಮಂದಿ ಜನಪ್ರತಿನಿಧಿಗಳೂ ಇದ್ದರೆಂದು ದಾಖಲೆ. ಯೋಗಂ ಪದ್ಧತಿಯ ನಾಡಿನಲ್ಲಿ ಇಷ್ಟು ಜನಸಾಮಾನ್ಯರು ಬಂದದ್ದು ಸಹಜ. ಮುಂದಿನ ಆಡಳಿತದಲ್ಲಿ ಅವರಿಗೆ ಮಾತು ಎಷ್ಟು ಉಳಿಯಿತು ಎಂಬುದು ಬೇರೆ ಪ್ರಶ್ನೆ. ಪೋರ್ಚುಗೀಸ್ ಪಾಠದ ಇನ್ನೂರರಷ್ಟು ನಿಯಮಗಳಲ್ಲಿ ಪಿತೃಪ್ರಧಾನರ ಹೆಸರನ್ನು ಕೈಬಿಡುವುದು, ಕತ್ತನಾರರ ಬ್ರಹ್ಮಚರ್ಯ, ಸಿರಿಯಾಕ್ ಪುಸ್ತಕಗಳ ತಿದ್ದುಪಡಿ ಮತ್ತು ದಹನ, ಕೆಳಜಾತಿಯವರನ್ನು ಮುಟ್ಟಿದ ಮೇಲೆ ಶುದ್ಧಿಮಾಡಿಕೊಳ್ಳುವುದರ ನಿಷೇಧ ಇವೆಲ್ಲ ಇವೆ. ಗಂಡಸರು ಕಿವಿ ಚುಚ್ಚಿಸಿಕೊಳ್ಳಬಾರದು ಎಂಬ ನಿಯಮವೂ ಇದೆ. ಅಕ್ಕಪಕ್ಕದ ನಾಯರರಿಂದ ನಸ್ರಾಣಿಯನ್ನು ಕಣ್ಣಿನಿಂದಲೇ ಬೇರೆ ಗುರುತಿಸಬೇಕು ಎಂಬುದು ಅದರ ಉದ್ದೇಶ. ಅಂಗಮಾಲಿಯ ದೇವಾಲಯದ ಹೊರ್ಮಿಸ್ದ ನೆಸ್ತೋರಿಯ ಪಂಥದ ಮಠಾಧಿಪತಿ, ಸಂತನಲ್ಲ ಎಂದು ಸಮ್ಮೇಳನ ತೀರ್ಮಾನಿಸಿತು. ದೇವಾಲಯದ ಹೆಸರನ್ನು ಅಳಿಸಲಿಲ್ಲ, ಅದೇ ಹೆಸರಿನ ಪರ್ಷಿಯದ ಹುತಾತ್ಮನಿಗೆ ಅದನ್ನು ಅರ್ಪಿಸಿತು. ಅಬ್ರಹಾಮರ ಸಮಾಧಿ ಇದ್ದಲ್ಲೇ ಇತ್ತು, ಮೇಲಿನ ಸಂತ ಬದಲಾದ.

ಈ ಸಮ್ಮೇಳನಕ್ಕೆ ಕಾನೂನಿನ ಬಲ ಇತ್ತೆ? ಜೋನಾಸ್ ತಾಲಿಯತ್ 1958ರಲ್ಲಿ ರೋಮಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲ್ಲವೆಂದು ವಾದಿಸಿದರು. ಮಲಯಾಳ ಪಾಠದಲ್ಲಿ ಪೋರ್ಚುಗೀಸ್ ಪಾಠಕ್ಕಿಂತ ನಿಯಮಗಳು ಕಡಿಮೆ ಇರುವುದು ಆ ವಾದಕ್ಕೆ ಪುಷ್ಟಿ ಕೊಡುತ್ತದೆ. ಜನ ಕೇಳಿ ಒಪ್ಪಿದ್ದು ಒಂದು, ಯುರೋಪಿನಲ್ಲಿ ಅಚ್ಚಾದದ್ದು ಮತ್ತೊಂದು. ತಾಲಿಯತ್ ತೀರ್ಮಾನವನ್ನು ನಾನು ಒಪ್ಪುತ್ತೇನೆ, ಆದರೆ ಮೆನೇಜಸರಿಗೆ ಜಾಗ ಕೊಟ್ಟ ಬಿರುಕು ಇನ್ನೂ ಸರಳವಾದದ್ದೆಂದು ನನಗೆ ಕಾಣುತ್ತದೆ. ಟ್ರೆಂಟಿನ ಎಂಟು ದಿನದ ನಿಯಮ ಪ್ರಧಾನಾಲಯದ ಗುರುಮಂಡಳಿಯೊಂದಿದೆ ಎಂದು ಹಿಡಿದು ಮಾತಾಡುತ್ತದೆ. ಅಂಗಮಾಲಿಯಲ್ಲಿ ಅಂಥ ಮಂಡಳಿ ಇರಲಿಲ್ಲ. ಅದರ ಜಾಗದಲ್ಲಿದ್ದ ಅರ್ಕದಿಯಾಕೋನನ ಹುದ್ದೆ ಲ್ಯಾಟಿನ್ ಕಾನೂನಿನ ಕಣ್ಣಿಗೆ ಬೀಳುವ ಬಗೆಯದಲ್ಲ. ಮಂಡಳಿಯಿಲ್ಲದ ಕಡೆ ಮೆಟ್ರೊಪಾಲಿಟನ್ ಕೈಹಾಕಬಹುದು ಎಂದು ಗೋವಾದವರು ಓದಿಕೊಂಡರು. ಗೋವಾ ಅಂಗಮಾಲಿಗೆ ಮೆಟ್ರೊಪಾಲಿಟನ್ ಹೌದೇ ಎಂಬುದನ್ನು ತೀರ್ಮಾನಿಸುವ ಮುಂಚೆಯೇ!

ತೀರ್ಮಾನ ಆಮೇಲೆ ಬಂತು. 1599ರ ಡಿಸೆಂಬರಿನಲ್ಲಿ ರೋಮ್ ಅಂಗಮಾಲಿಯ ಮಹಾಧರ್ಮಪ್ರಾಂತ್ಯ ಪದವಿಯನ್ನು ಕಿತ್ತು ಗೋವಾದ ಅಧೀನ ಧರ್ಮಪ್ರಾಂತ್ಯವಾಗಿಸಿತು. ರೋಸ್ ಅದರ ಬಿಷಪ್ಪಾದರು. ನಸ್ರಾಣಿಗಳಿಗೆ ಈ ಅವಮಾನ ಉದಯಂಪೇರೂರಿನ ಎಲ್ಲ ನಿಯಮಗಳಿಗಿಂತ ಹೆಚ್ಚು ಚುಚ್ಚಿತು. ಅವರ ಒತ್ತಾಯದ ಫಲವಾಗಿ 1608ರಲ್ಲಿ ಪದವಿ ಮರಳಿತು, ಪೀಠ ಕೊಡುಂಗಲ್ಲೂರಿಗೆ ಸ್ಥಳಾಂತರಗೊಂಡಿತು. ಬಿರುದು ಬಂತು, ಹಳೆಯ ಅರ್ಥ ಬರಲಿಲ್ಲ. ಹೊಸ ಮಹಾಧರ್ಮಾಧ್ಯಕ್ಷರು ಯೇಸುಸಭೆಯವರು, ಲ್ಯಾಟಿನ್ ಪದ್ಧತಿಯಲ್ಲಿ ತಪಾಸಣೆ, ದಾಖಲೆ, ನೇಮಕ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡು ಆಳಲು ಕಲಿತವರು. ಅರ್ಕದಿಯಾಕೋನನಿಗೆ ಉಳಿದದ್ದು ಹೆಸರು ಮಾತ್ರ.

1641ರಲ್ಲಿ ಪೀಠಕ್ಕೆ ಬಂದ ಫ್ರಾನ್ಸಿಸ್ಕೊ ಗಾರ್ಸಿಯ ಮತ್ತು ಅರ್ಕದಿಯಾಕೋನ ತೋಮಾ ನಡುವಿನ ಹಗೆ ಹನ್ನೆರಡು ವರ್ಷ ಬೆಳೆಯಿತು. 1652ರಲ್ಲಿ ಸಿರಿಯಾಕ್ ಬಿಷಪ್ ಅಹತಲ್ಲ ಬಂದಾಗ ಪೋರ್ಚುಗೀಸರು ಅವರನ್ನು ಹಿಡಿದಿಟ್ಟರು. ಅವರನ್ನು ಕೊಂದರೆಂಬ ಸುದ್ದಿ ಮಲಬಾರಿನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಜನ ಆಣೆ ಮಾಡಿದರು. ಶಿಲುಬೆಗೆ ಹಗ್ಗ ಕಟ್ಟಿ ಅದನ್ನು ಹಿಡಿದು ಆಣೆ ಮಾಡಿದರೆಂದೂ, ಜನರ ಜಗ್ಗಾಟಕ್ಕೆ ಶಿಲುಬೆ ವಾಲಿತೆಂದೂ ನಂಬಿಕೆ. 'ಕೂನನ್ ಕುರಿಶು', ವಾಲಿದ ಶಿಲುಬೆ ಎಂಬ ಹೆಸರು ಹಾಗೆ ಬಂತು. ಆಣೆ ರೋಮಿನ ವಿರುದ್ಧವೇ, ಗಾರ್ಸಿಯ ಮತ್ತು ಯೇಸುಸಭೆಯ ವಿರುದ್ಧವೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಮುಂದೆ ನಡೆದದ್ದು ಗಾರ್ಸಿಯರ ವಿರುದ್ಧ ಎಂಬ ಕಡೆಗೇ ಬೆರಳು ತೋರುತ್ತದೆ. ಮೇ ತಿಂಗಳಲ್ಲಿ ಆಲಂಗಾಡಿನಲ್ಲಿ ಹನ್ನೆರಡು ಮಂದಿ ಕತ್ತನಾರರು ತೋಮಾರ ತಲೆಯ ಮೇಲೆ ಕೈಯಿಟ್ಟು ಅವರನ್ನು ಮೆಟ್ರೊಪಾಲಿಟನ್ ಎಂದು ಘೋಷಿಸಿದರು. ಬಿಷಪ್ಪರಿಲ್ಲದ ದೀಕ್ಷೆ ಯಾವ ಕಾನೂನಿನಲ್ಲೂ ನಿಲ್ಲದು, ಅದು ಅವರಿಗೂ ಗೊತ್ತಿತ್ತು. ತಲೆಮಾರುಗಟ್ಟಲೆ ಬಿರುದನ್ನೂ ಪಾರುಪತ್ಯವನ್ನೂ ಬೇರೆ ಬೇರೆ ಕೈಯಲ್ಲಿ ನೋಡಿದವರು ಅವೆರಡನ್ನೂ ಒಬ್ಬನ ಮೈಮೇಲೆ ಕೂಡಿಸಿದರು, ಅಷ್ಟೆ. ರೋಮ್ ಕಾರ್ಮೆಲ್ ಸಭೆಯ ಸಂನ್ಯಾಸಿಗಳನ್ನು ಕಳಿಸಿ, 1663ರಲ್ಲಿ ಪರಂಬಿಲ್ ಚಾಂಡಿ ಎಂಬ ನಸ್ರಾಣಿಗೇ ಬಿಷಪ್ ದೀಕ್ಷೆ ಕೊಟ್ಟು ಹೆಚ್ಚಿನವರನ್ನು ಮರಳಿ ಕರೆತಂದಿತು. ಉಳಿದವರು ತೋಮಾರೊಂದಿಗೆ ಉಳಿದರು.

ಕರಾವಳಿ ಕರ್ನಾಟಕಕ್ಕೂ ಗೋವಾದ ಇದೇ ಪೀಠದ ನೆರಳು ಚಾಚಿತ್ತು. 1838ರಲ್ಲಿ ಪೋಪ್ 16ನೆಯ ಗ್ರೆಗರಿ ಪೋರ್ಚುಗೀಸ್ ದೊರೆಯ ಪಾದ್ರೊಆದೊ ಎಂಬ ಪೋಷಕತ್ವದ ಹಕ್ಕಿಗೆ ಕತ್ತರಿ ಹಾಕಿ ಕೆನರಾವನ್ನು ಕೇರಳದ ವೆರಾಪೋಳಿಯ ಆಡಳಿತಕ್ಕೆ ಕೊಟ್ಟಾಗ ಗೋವಾಕ್ಕೆ ನಿಷ್ಠರಾದವರು ಒಪ್ಪಲಿಲ್ಲ. ಒಂದೇ ಊರಿನ ಕ್ರೈಸ್ತರು ಎರಡು ಪಂಗಡವಾಗಿ ಎರಡು ಪೀಠಗಳಿಗೆ ನಡೆದುಕೊಂಡರು. 1845ರಲ್ಲಿ ಮಂಗಳೂರು ವೆರಾಪೋಳಿಯಿಂದ ಬೇರೆಯಾಯಿತು, 1887ರ ಹೊತ್ತಿಗೆ ಧರ್ಮಪ್ರಾಂತ್ಯವಾಯಿತು. ಇಂದು ಅದು 1953ರಲ್ಲಿ ಹುಟ್ಟಿದ ಬೆಂಗಳೂರು ಮಹಾಧರ್ಮಪ್ರಾಂತ್ಯದ ಅಧೀನದಲ್ಲಿದೆ. ಅಧೀನ ಎಂದರೂ ಬೆಂಗಳೂರಿನ ಮಹಾಧರ್ಮಾಧ್ಯಕ್ಷರು ಮಂಗಳೂರಿನ ಒಬ್ಬ ಗುರುವನ್ನು ವರ್ಗ ಮಾಡಲಾರರು. 1983ರ ಕಾನೂನು ಸಂಹಿತೆ ಮೆಟ್ರೊಪಾಲಿಟನ್‌ಗೆ ಬಿಟ್ಟಿರುವುದು ಬಹಳ ಕಡಿಮೆ. ಆ ಕಡಿಮೆಯಲ್ಲಿ ಇದೊಂದು ಇದೆ: ಬಿಷಪ್ ತೀರಿಕೊಂಡ ಧರ್ಮಪ್ರಾಂತ್ಯದ ಸಮಾಲೋಚಕ ಗುರುಗಳು ಎಂಟು ದಿನದೊಳಗೆ ಆಡಳಿತಗಾರನನ್ನು ಆರಿಸದಿದ್ದರೆ, ನೇಮಿಸುವ ಹಕ್ಕು ಮೆಟ್ರೊಪಾಲಿಟನ್‌ಗೆ ಬರುತ್ತದೆ.